ವೆಲ್ಡಿಂಗ್ ಮಷೀನ್‌ಗೆ ಕ್ವಾಲಿಟಿ ಲಿಮಿಟ್ ಹಾಕೋದು ಹೇಗೆ: ಸ್ಪಾಟ್ ವೆಲ್ಡಿಂಗ್ ಇಟ್ಕೊಂಡು ಪೂರ್ತಿ ವಿವರ

ಮಾನಿಟರ್ ಇರೋ ವೆಲ್ಡಿಂಗ್ ಮಷೀನ್ ಮುಂದೆ ನಿಂತಿದ್ದೀರ, ಸ್ಕ್ರೀನ್ ಮೇಲೆ ಹೈ ಲಿಮಿಟ್ ಲೋ ಲಿಮಿಟ್ ಅಂತ ಖಾಲಿ ಬಾಕ್ಸ್ ಇದೆ, ಅಲ್ಲಿ ಏನು ನಂಬರ್ ಹಾಕ್ಬೇಕು? ತುಂಬಾ ಕಡೆ ನಡೆಯೋದು ಏನಂದ್ರೆ ಹತ್ತು ಪೀಸ್ ಹೊಡೀತಾರೆ, ಆವರೇಜ್ ತಗೋತಾರೆ, ಪ್ಲಸ್ ಮೈನಸ್ 10 ಪರ್ಸೆಂಟ್ ಹಾಕಿ ಎದ್ದು ಹೋಗ್ತಾರೆ. ಆಮೇಲೆ ಅಲಾರಂ ಜಾಸ್ತಿ ಬಂದ್ರೆ 15 ಮಾಡ್ತಾರೆ, ಇನ್ನೂ ಬಂದ್ರೆ 20. ಸ್ವಲ್ಪ ದಿನದಲ್ಲಿ ಅಲಾರಂ ಬರೋದೇ ನಿಂತೋಗುತ್ತೆ, ಎಲ್ಲರಿಗೂ ಸಮಾಧಾನ, ಆದ್ರೆ ಆ ನಂಬರ್‌ಗೂ ವೆಲ್ಡ್ ಹಿಡಿದಿದೆಯಾ ಇಲ್ವಾ ಅನ್ನೋದಕ್ಕೂ ಯಾವ ಸಂಬಂಧನೂ ಉಳಿದಿರಲ್ಲ. ಸ್ಪಾಟ್ ವೆಲ್ಡ್ ಅಂದ್ರೆ ಎರಡು ಶೀಟ್‌ನ ತಾಮ್ರದ ಟಿಪ್‌ಗಳ ಮಧ್ಯೆ ಒತ್ತಿ, ಕರೆಂಟ್ ಹರಿಸಿ ಒಂದು ಚುಕ್ಕೆಯಲ್ಲಿ ಬೆಸೆಯೋದು, ಅದು ಆಗೋದು ಎರಡು ಶೀಟ್ ಮಧ್ಯೆ, ಹೊರಗಿಂದ ನೋಡಿದ್ರೆ ಒಳ್ಳೇದೂ ಕೆಟ್ಟದ್ದೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಅದಕ್ಕೇ ಈ ಲಿಮಿಟ್ ವಿಷಯದಲ್ಲಿ ಅಸಡ್ಡೆ ಮಾಡಬಾರದು ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು.

ಎರಡು ಮಾತು ಮೊದಲೇ ಹೇಳ್ಬಿಡ್ತೀನಿ, ಉಳಿದಿದ್ದೆಲ್ಲ ಇದರಿಂದಲೇ ಬರುತ್ತೆ. ಒಂದು, ಲಿಮಿಟ್ ಹುಟ್ಟಬೇಕಾದ್ದು ಕಿತ್ತು ನೋಡಿದ ವೆಲ್ಡ್‌ನಿಂದ, ಸ್ಕ್ರೀನ್ ಮೇಲಿನ ಆವರೇಜ್‌ನಿಂದ ಅಲ್ಲ. ಎರಡು, ಮಷೀನ್ ತಾನೇ ಕಂಟ್ರೋಲ್ ಮಾಡಿ ಹಿಡಿದಿಟ್ಟಿರೋ ರೀಡಿಂಗ್ ಮೇಲೆ ಲಿಮಿಟ್ ಹಾಕಿದ್ರೆ ಅದು ಯಾವಾಗ್ಲೂ ಪಾಸ್ ಆಗುತ್ತೆ, ಹಾಗಾಗಿ ಮಷೀನ್ ಹಿಡಿಯದೇ ಬಿಟ್ಟಿರೋ ರೀಡಿಂಗ್ ಮೇಲೆ ಲಿಮಿಟ್ ಇರಲೇಬೇಕು.

ಮೊದಲು ಮೂರು ಲಿಮಿಟ್‌ಗಳ ಗೊಂದಲ ಬಿಡಿಸ್ಕೊಳ್ಳೋಣ

ಡ್ರಾಯಿಂಗ್‌ನಲ್ಲಿ ಇರೋದು ಸ್ಪೆಸಿಫಿಕೇಶನ್, ಅಂದ್ರೆ ವೆಲ್ಡ್ ಹೀಗಿರಬೇಕು ಅಂತ ಕಸ್ಟಮರ್ ಕೇಳಿರೋದು, ನಗೆಟ್ (ಶೀಟ್ ಮಧ್ಯೆ ಕರಗಿ ಗಟ್ಟಿಯಾದ ಭಾಗ) ಡಯಾ ಇಷ್ಟು, ಶಿಯರ್ ಸ್ಟ್ರೆಂತ್ ಇಷ್ಟು ಅಂತ. ಕಂಟ್ರೋಲ್ ಲಿಮಿಟ್ ಅನ್ನೋದು ನಮ್ಮ ಪ್ರೋಸೆಸ್ ಸಹಜವಾಗಿ ಎಷ್ಟು ಅಲ್ಲಾಡುತ್ತೆ ಅನ್ನೋದರ ಲೆಕ್ಕ, ವಾಲ್ಟರ್ ಶೆವಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ತಂದಾಗಿಂದ ಇದನ್ನ ಸರಾಸರಿಯಿಂದ ಮೂರು ಸಿಗ್ಮಾ ಮೇಲೆ, ಮೂರು ಸಿಗ್ಮಾ ಕೆಳಗೆ ಅಂತ ಇಡೋ ರೂಢಿ, ಸಿಗ್ಮಾ ಅಂದ್ರೆ ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಶನ್). ಮೂರನೇದು ಮಷೀನ್‌ಗೆ ಫೀಡ್ ಮಾಡೋ ರಿಜೆಕ್ಟ್ ಲಿಮಿಟ್, ಅದು ದಾಟಿದ್ರೆ ಮಷೀನ್ ನಿಲ್ಲುತ್ತೆ, ಪೀಸ್ ಪಕ್ಕಕ್ಕೆ ಹೋಗುತ್ತೆ.

ಈ ಮೂರನ್ನ ಒಂದೇ ಅಂದ್ಕೊಂಡಾಗಲೇ ತೊಂದರೆ ಶುರು. ಮೂರು ಸಿಗ್ಮಾನ ಹಾಗೇ ರಿಜೆಕ್ಟ್ ಲಿಮಿಟ್ ಮಾಡಿದ್ರೆ ಏನಾಗುತ್ತೆ ನೋಡಿ, ಎಲ್ಲ ಸರಿಯಾಗಿದ್ರೂ 0.27 ಪರ್ಸೆಂಟ್ ರೀಡಿಂಗ್ ಹೊರಗೆ ಬೀಳುತ್ತೆ, ಒಂದು ಶಿಫ್ಟ್‌ಗೆ 4000 ಸ್ಪಾಟ್ ಬೀಳೋ ಮಷೀನ್ ಆದ್ರೆ ಏನೂ ತಪ್ಪಿಲ್ಲದೇನೂ ಸುಮಾರು 11 ಸಲ ನಿಲ್ಲುತ್ತೆ. ಕರೆಂಟ್, ವೋಲ್ಟೇಜ್, ಫೋರ್ಸ್, ಟೈಮ್ ಅಂತ ನಾಲ್ಕು ಬೇರೆ ಬೇರೆ ರೀಡಿಂಗ್‌ಗೂ ಹೀಗೇ ಹಾಕಿದ್ರೆ 40ರ ಮೇಲೆ. ಇಷ್ಟು ಸುಳ್ಳು ಅಲಾರಂ ಬಂದ್ರೆ ಆಪರೇಟರ್ ಏನು ಮಾಡ್ತಾರೆ, ನೋಡದೇ ರೀಸೆಟ್ ಒತ್ತೋಕೆ ಶುರು ಮಾಡ್ತಾರೆ, ಅದು ಅವರ ತಪ್ಪಲ್ಲ, ಲಿಮಿಟ್ ಹಾಕಿದವರ ತಪ್ಪು. ನಾಲ್ಕು ಸಿಗ್ಮಾ ಆದ್ರೆ ಅದೇ 4000 ಸ್ಪಾಟ್‌ಗೆ ನಾಲ್ಕು ಶಿಫ್ಟ್‌ಗೆ ಒಂದು ಸುಳ್ಳು ಅಲಾರಂ ಬರಬಹುದು ಅಷ್ಟೇ. ಆದ್ರೆ ಸಿಗ್ಮಾ ಎಷ್ಟು ಅನ್ನೋದು ಎರಡನೇ ಪ್ರಶ್ನೆ, ಮೊದಲನೇ ಪ್ರಶ್ನೆ ವೆಲ್ಡ್ ಎಲ್ಲಿ ಕೆಡುತ್ತೆ ಅನ್ನೋದು, ಅದು ಗೊತ್ತಿಲ್ಲದೇ ಸಿಗ್ಮಾ ಲೆಕ್ಕ ಹಾಕ್ತಾ ಕೂತ್ರೆ ಪ್ರಯೋಜನ ಇಲ್ಲ.

ಒಳ್ಳೇ ವೆಲ್ಡ್ ಅಂದ್ರೆ ಏನು ಅಂತ ಬರೆದಿಟ್ಕೊಳ್ಳಿ

ಡ್ರಾಯಿಂಗ್‌ನಲ್ಲಿ ಇದ್ರೆ ಅದೇ ಅಂತಿಮ. ಇಲ್ಲದಿದ್ರೆ ಸ್ಟೀಲ್ ಶೀಟ್‌ಗೆ ಎಲ್ಲರೂ ಬಳಸೋ ರೂಲ್ ಏನಂದ್ರೆ ನಗೆಟ್ ಡಯಾ ಕನಿಷ್ಠ ಥಿಕ್‌ನೆಸ್‌ನ ಸ್ಕ್ವೇರ್ ರೂಟ್‌ನ 4 ಪಟ್ಟು, ಗುರಿ 5 ಪಟ್ಟು, ಎಲ್ಲಾ ಮಿ.ಮೀ.ನಲ್ಲಿ. 1 ಮಿ.ಮೀ. ಶೀಟ್‌ಗೆ ಕನಿಷ್ಠ 4 ಮಿ.ಮೀ., ಗುರಿ 5. 2 ಮಿ.ಮೀ. ಶೀಟ್‌ಗೆ ಕನಿಷ್ಠ ಸುಮಾರು 5.7, ಗುರಿ 7ರ ಹತ್ತಿರ. ಎರಡು ಬೇರೆ ಥಿಕ್‌ನೆಸ್ ಶೀಟ್ ಸೇರಿಸ್ತಿದ್ರೆ ಸಾಮಾನ್ಯವಾಗಿ ತೆಳುವಾದ ಶೀಟ್ ಇಟ್ಕೊಂಡು ಲೆಕ್ಕ ಹಾಕ್ತಾರೆ.

ಡಯಾ ಅಳೆಯೋದಕ್ಕೂ ಒಂದು ರೀತಿ ಫಿಕ್ಸ್ ಮಾಡಿ. ಪೀಲ್ ಟೆಸ್ಟ್‌ನಲ್ಲಿ, ಅಂದ್ರೆ ಒಂದು ಶೀಟ್‌ನ ಇನ್ನೊಂದರಿಂದ ಸುಲಿದು ನೋಡುವಾಗ, ಕಿತ್ತು ಬರೋ ಬಟನ್ (ಒಂದು ಶೀಟ್‌ಗೆ ಅಂಟಿ ಉಳಿಯೋ ವೆಲ್ಡ್ ಗುಂಡಿ) ದುಂಡಗೆ ಇರಲ್ಲ, ಹಾಗಾಗಿ ದೊಡ್ಡ ಅಗಲ ಒಂದು, ಅದಕ್ಕೆ ಅಡ್ಡವಾಗಿ ಇನ್ನೊಂದು, ಎರಡರ ಸರಾಸರಿ. ಒಬ್ಬರು ದೊಡ್ಡ ಅಗಲ ಮಾತ್ರ ಬರೆದು ಇನ್ನೊಬ್ಬರು ಸರಾಸರಿ ಬರೆದ್ರೆ ಮುಂದೆ ಹಾಕೋ ಲಿಮಿಟ್ ಅಷ್ಟೂ ಹಾಳು. ಒಂದೇ ಬಟನ್‌ಗಳನ್ನ ಇಬ್ಬರ ಕೈಲಿ ಬೇರೆ ಬೇರೆ ಅಳೆಸಿ ನೋಡಿ, ಅರ್ಧ ಮಿ.ಮೀ. ವ್ಯತ್ಯಾಸ ಬರ್ತಿದ್ರೆ ಮೊದಲು ಅದನ್ನ ಸರಿ ಮಾಡಿ. ಹೈ ಸ್ಟ್ರೆಂತ್ ಸ್ಟೀಲ್ ಆದ್ರೆ ಇನ್ನೊಂದು ಎಚ್ಚರಿಕೆ, ಅದರಲ್ಲಿ ವೆಲ್ಡ್ ಚೆನ್ನಾಗಿದ್ರೂ ಬಟನ್ ಬರದೇ ಎರಡು ಶೀಟ್ ಮಧ್ಯೆನೇ ಸೀಳಬಹುದು, ಅಂಥದ್ದಕ್ಕೆ ಪೀಲ್ ಒಂದನ್ನೇ ನಂಬದೆ ವೆಲ್ಡ್ ಮಧ್ಯಕ್ಕೆ ಕತ್ತರಿಸಿ, ಪಾಲಿಶ್ ಮಾಡಿ, ನೈಟಾಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್) ಹಾಕಿ ನಗೆಟ್ ನೋಡಬೇಕು.

ಮಷೀನ್ ಸರಿಯಿಲ್ಲದೆ ಲಿಮಿಟ್ ಹಾಕ್ಬೇಡಿ

ಕೆಟ್ಟಿರೋ ಮಷೀನ್‌ನ ರೀಡಿಂಗ್ ತಗೊಂಡು ಲಿಮಿಟ್ ಹಾಕಿದ್ರೆ ಆ ಕೆಟ್ಟ ಸ್ಥಿತಿಗೇ ಪಾಸ್ ಸರ್ಟಿಫಿಕೇಟ್ ಕೊಟ್ಟ ಹಾಗೆ. ಟಿಪ್ ಡ್ರೆಸ್ ಮಾಡಿ, ಅಂದ್ರೆ ಸವೆದ ಮುಖ ಕೆರೆದು ಮೊದಲಿನ ಆಕಾರಕ್ಕೆ ತನ್ನಿ, ಮೇಲಿನ ಟಿಪ್ಪು ಕೆಳಗಿನ ಟಿಪ್ಪು ಎದುರುಬದುರು ಸರಿಯಾಗಿ ಕೂರ್ತಿದೆಯಾ ನೋಡಿ, ಕೂಲಿಂಗ್ ನೀರಿನ ಟ್ಯೂಬ್ ಟಿಪ್ ತುದಿವರೆಗೂ ಹೋಗಿದೆಯಾ ನೋಡಿ, ತುಂಬಾ ಸಲ ಟ್ಯೂಬ್ ಗಿಡ್ಡ ಆಗಿ ನೀರು ಅರ್ಧದಿಂದಲೇ ವಾಪಸ್ ಬರ್ತಿರುತ್ತೆ. ಸೆಕೆಂಡರಿ ಕೇಬಲ್ ಬೋಲ್ಟ್ ಟೈಟ್ ಮಾಡಿ.

ಫೋರ್ಸ್ ವಿಷಯದಲ್ಲಿ ಏರ್ ಪ್ರೆಶರ್ ಗೇಜ್ ನಂಬ್ಕೋಬೇಡಿ. ಗೇಜ್‌ನಲ್ಲಿ ಅದೇ ಬಾರ್ ತೋರಿಸ್ತಿದ್ರೂ ಸಿಲಿಂಡರ್ ಸೀಲ್ ಬಿಗಿಯಾಗಿದ್ರೆ, ಗೈಡ್ ಹಿಡೀತಿದ್ರೆ ಟಿಪ್ ಹತ್ತಿರ ಬರೋ ಫೋರ್ಸ್ ಕಮ್ಮಿ ಇರುತ್ತೆ. ಫೋರ್ಸ್ ಗೇಜ್‌ನ ಟಿಪ್ ಮಧ್ಯೆ ಇಟ್ಟು ಅಳೀರಿ. ಸ್ಕ್ವೀಜ್ ಟೈಮ್ (ಕರೆಂಟ್ ಬಿಡೋ ಮುಂಚೆ ಶೀಟ್ ಒತ್ತಿ ಹಿಡಿಯೋ ಸಮಯ) ಸಾಲದಿದ್ರೆ ಫೋರ್ಸ್ ಪೂರ್ತಿ ಏರೋ ಮೊದಲೇ ಕರೆಂಟ್ ಹರಿಯುತ್ತೆ, ಸ್ಪ್ಲ್ಯಾಶ್ ಹಾರುತ್ತೆ, ಅಂದ್ರೆ ಕರಗಿದ ಲೋಹ ಹೊರಗೆ ಚಿಮ್ಮುತ್ತೆ, ಅದನ್ನ ಕರೆಂಟ್ ಜಾಸ್ತಿ ಅಂತ ತಿಳ್ಕೊಂಡು ಕರೆಂಟ್ ಇಳಿಸೋರೂ ಇದ್ದಾರೆ. ಕರೆಂಟ್ ಅಳೆಯೋ ರೊಗೋಸ್ಕಿ ಕಾಯಿಲ್ ಮತ್ತೆ ಮೀಟರ್ ಕ್ಯಾಲಿಬ್ರೇಶನ್ ಡೇಟ್ ದಾಟಿದೆಯಾ ನೋಡಿ. ಮಾನಿಟರ್ ಯಾವ ವಿಂಡೋದಲ್ಲಿ, ಅಂದ್ರೆ ವೆಲ್ಡ್‌ನ ಯಾವ ಹೊತ್ತಿಂದ ಯಾವ ಹೊತ್ತಿನವರೆಗೆ, ಅಳೀತಿದೆ ಅನ್ನೋದೂ ಮುಖ್ಯ, ಅಪ್‌ಸ್ಲೋಪ್ (ಕರೆಂಟ್ ಮೆಲ್ಲಗೆ ಏರೋ ಶುರುವಿನ ಭಾಗ) ಸೇರಿಸಿ ಆರ್‌ಎಂಎಸ್ (ಕರೆಂಟ್‌ನ ಒಂದು ಬಗೆಯ ಸರಾಸರಿ) ತಗೊಂಡ್ರೆ ಒಂದು ನಂಬರ್, ಬಿಟ್ಟು ತಗೊಂಡ್ರೆ ಇನ್ನೊಂದು, ಎರಡು ಮಷೀನ್ ಹೋಲಿಸುವಾಗ ಎರಡರಲ್ಲೂ ಒಂದೇ ಸೆಟ್ಟಿಂಗ್ ಇರಲಿ.

ಈಗ ವೆಲ್ಡ್ ಎಲ್ಲಿ ಕೆಡುತ್ತೆ ಅಂತ ಹುಡುಕಿ

ಇಡೀ ಕೆಲಸದ ಜೀವಾಳ ಇದು, ಇಲ್ಲಿ ಸಮಯ ಉಳಿಸೋಕೆ ಹೋಗ್ಬೇಡಿ. ಫೋರ್ಸ್, ಟೈಮ್ ಎರಡನ್ನೂ ಹಾಗೇ ಇಟ್ಟು ಕರೆಂಟ್‌ನ ಕೆಳಗಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ಏರಿಸ್ತಾ ಹೋಗ್ಬೇಕು, ಒಂದೊಂದು ಮೆಟ್ಟಿಲಿಗೂ ಮೂರರಿಂದ ಐದು ವೆಲ್ಡ್ ಹೊಡೆದು ಅಷ್ಟನ್ನೂ ಕಿತ್ತು ಡಯಾ ಬರೀಬೇಕು, ಸ್ಪ್ಲ್ಯಾಶ್ ಹಾರೋವರೆಗೂ. ಹೀಗೆ ಒಳ್ಳೇ ವೆಲ್ಡ್ ಸಿಗೋ ಕರೆಂಟ್, ಟೈಮ್ ವ್ಯಾಪ್ತಿನೇ ವೆಲ್ಡ್ ಲೋಬ್ ಅಂತಾರೆ, ಟೈಮ್ ಬದಲಾಯಿಸಿ ಮತ್ತೆ ಮತ್ತೆ ಮಾಡಿದ್ರೆ ಪೂರ್ತಿ ಲೋಬ್ ಚಿತ್ರ ಸಿಗುತ್ತೆ.

ಟೆಸ್ಟ್ ಪಟ್ಟಿ ಪ್ರೊಡಕ್ಷನ್ ಮಾಲಿಂದೇ ಆಗಿರಲಿ, ಅದೇ ಕೋಟಿಂಗ್, ಅದೇ ಎಣ್ಣೆ. ಸ್ಪಾಟ್ ಸ್ಪಾಟ್ ಮಧ್ಯೆ ದೂರನೂ ಪಾರ್ಟ್‌ನಲ್ಲಿ ಇರೋ ಅಷ್ಟೇ ಇರಲಿ, ಯಾಕಂದ್ರೆ ಪಕ್ಕದಲ್ಲಿ ಆಗಲೇ ಹೊಡೆದಿರೋ ಸ್ಪಾಟ್ ಮೂಲಕ ಒಂದಷ್ಟು ಕರೆಂಟ್ ಕಳ್ಳದಾರಿ ಹಿಡಿಯುತ್ತೆ, ಶಂಟಿಂಗ್ ಅನ್ನೋದು ಅದಕ್ಕೇ, ಬಿಡಿ ಪಟ್ಟಿ ಮೇಲೆ ಒಂದೇ ಸ್ಪಾಟ್ ಹೊಡೆದು ನೋಡಿದ್ರೆ ಯಾವಾಗ್ಲೂ ಪಾರ್ಟ್‌ಗಿಂತ ಚೆನ್ನಾಗೇ ಬರುತ್ತೆ.

ಕೋಟಿಂಗ್ ಇಲ್ಲದ 1 ಮಿ.ಮೀ. ಮೈಲ್ಡ್ ಸ್ಟೀಲ್ ಎರಡು ಶೀಟ್, ಫೋರ್ಸ್ ಸುಮಾರು 2.2 ಕಿಲೋ ನ್ಯೂಟನ್, ಟೈಮ್ 50 ಹರ್ಟ್ಸ್‌ನಲ್ಲಿ 10 ಸೈಕಲ್ ಅಂದ್ರೆ 200 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ. ಉದಾಹರಣೆಗೆ ರಿಸಲ್ಟ್ ಹೀಗೆ ಬಂತು ಅಂದ್ಕೊಳ್ಳೋಣ: 7.5 ಕಿಲೋ ಆಂಪ್‌ನಲ್ಲಿ ಡಯಾ 3.6, 8.0ನಲ್ಲಿ 4.1, 8.5ನಲ್ಲಿ 4.6, 9.0ನಲ್ಲಿ 5.0, 9.5ನಲ್ಲಿ 5.4, 10.0ನಲ್ಲಿ 5.7, 10.2 ದಾಟಿದ ಮೇಲೆ ಸ್ಪ್ಲ್ಯಾಶ್. ಅಂದ್ರೆ ಈ ವೆಲ್ಡ್ ಬದುಕೋ ಜಾಗ 8.0ರಿಂದ 10.2. ಗುರಿ 5 ಮಿ.ಮೀ. ಇರೋದರಿಂದ ಸೆಟ್ ಪಾಯಿಂಟ್ 9.3 ಇಟ್ರೆ ಎರಡೂ ಕಡೆ ಜಾಗ ಇರುತ್ತೆ.

ಈಗ ಆ ಪ್ಲಸ್ ಮೈನಸ್ 10 ಪರ್ಸೆಂಟ್ ಇಲ್ಲಿಟ್ಟು ನೋಡಿ. 9.3ಕ್ಕೆ 8.37ರಿಂದ 10.23 ಆಗುತ್ತೆ, ಕೆಳಗಡೆ ಪರವಾಗಿಲ್ಲ, ಮೇಲೆ ಸ್ಪ್ಲ್ಯಾಶ್ ಗೆರೆ ದಾಟಿದೆ. ಬಿಸಿ ಹುಟ್ಟೋದು ಕರೆಂಟ್‌ನ ವರ್ಗಕ್ಕೆ ತಕ್ಕಂತೆ, ಹಾಗಾಗಿ ಕರೆಂಟ್ 10 ಪರ್ಸೆಂಟ್ ಕಮ್ಮಿ ಆದ್ರೆ ಹೀಟ್ 19 ಪರ್ಸೆಂಟ್ ಕಮ್ಮಿ, 10 ಜಾಸ್ತಿ ಆದ್ರೆ 21 ಜಾಸ್ತಿ. ಸ್ಕ್ರೀನ್ ಮೇಲೆ ಚಿಕ್ಕದಾಗಿ ಕಾಣೋ ಪರ್ಸೆಂಟ್ ಶೀಟ್ ಒಳಗೆ ಚಿಕ್ಕದಲ್ಲ. ಗ್ಯಾಲ್ವನೈಸ್ಡ್ ಶೀಟ್‌ಗೆ ಕರೆಂಟ್ ಇನ್ನೂ ಜಾಸ್ತಿ ಬೇಕು, ಲೋಬ್ ಜಾಗನೂ ಬೇರೆ, ಆ ಜಾಬ್‌ಗೆ ಈ ಲಿಮಿಟ್ ಎತ್ತಿ ಹಾಕೋ ಹಾಗೇ ಇಲ್ಲ, ಲೋಬ್ ಮತ್ತೆ ಮಾಡ್ಬೇಕು.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಪೀಲ್ ಮಾಡೋಕೆ ಹೋಗ್ಬೇಡಿ, ಕಿತ್ತ ಅಂಚು ಚಾಕು ಥರ ಇರುತ್ತೆ. ಪೇಸ್‌ಮೇಕರ್ ಹಾಕಿಸ್ಕೊಂಡಿರೋರು ಈ ಮಷೀನ್ ಹತ್ತಿರ ಬರಬಾರದು, ಇಷ್ಟು ಆಂಪ್‌ಗೆ ಸುತ್ತ ಹುಟ್ಟೋ ಮ್ಯಾಗ್ನೆಟಿಕ್ ಫೀಲ್ಡ್ ಸಣ್ಣದಲ್ಲ.

ರೀಡಿಂಗ್ ಸಂಗ್ರಹ: ಹತ್ತು ಪೀಸ್ ಯಾಕೆ ಸಾಲಲ್ಲ

ಸೆಟ್ ಪಾಯಿಂಟ್ ಇಟ್ಟ ಮೇಲೆ ಪ್ರೊಡಕ್ಷನ್ ಓಡಿಸಿ ರೀಡಿಂಗ್ ತಗೋಬೇಕು. ಒಂದೇ ಸಲ ಕೂತು ಸತತವಾಗಿ ಹೊಡೆದ ಪೀಸ್‌ಗಳಲ್ಲಿ ವ್ಯತ್ಯಾಸ ಬರೋದು ತೀರಾ ಕಮ್ಮಿ, ಟಿಪ್ ಅದೇ, ಶೀಟ್ ಅದೇ, ಲೈನ್ ವೋಲ್ಟೇಜ್ ಅದೇ, ಅದರಿಂದ ಬಂದ ಸಿಗ್ಮಾ ತುಂಬಾ ಚಿಕ್ಕದಾಗಿರುತ್ತೆ, ಲಿಮಿಟ್ ಉಸಿರುಗಟ್ಟೋ ಅಷ್ಟು ಬಿಗಿ ಆಗುತ್ತೆ, ಮಾರನೇ ದಿನವೇ ಅಲಾರಂ ಮೇಲೆ ಅಲಾರಂ. ಎಸ್‌ಪಿಸಿಯಲ್ಲಿ (ಸ್ಟ್ಯಾಟಿಸ್ಟಿಕಲ್ ಪ್ರೋಸೆಸ್ ಕಂಟ್ರೋಲ್) ಐದೈದು ಪೀಸ್‌ನ 25 ಗ್ರೂಪ್ ತಗೊಳ್ಳಿ ಅಂತ ಹೇಳೋದು ಇದಕ್ಕೇ, ಒಟ್ಟು 125 ರೀಡಿಂಗ್, ಆದ್ರೆ ಎಣಿಕೆಗಿಂತ ಮುಖ್ಯ ಏನಂದ್ರೆ ಆ ಗ್ರೂಪ್‌ಗಳು ಬೇರೆ ಬೇರೆ ಸ್ಥಿತಿಯಲ್ಲಿ ಹರಡಿರಬೇಕು: ಹೊಸ ಟಿಪ್, ಅರ್ಧ ಸವೆದ ಟಿಪ್, ಡ್ರೆಸ್ಸಿಂಗ್ ಮುಂಚಿನ ಕೊನೇ ಪೀಸ್‌ಗಳು, ಬೇರೆ ಶೀಟ್ ಕಾಯಿಲ್‌ನ ಮಾಲು, ಬೆಳಗ್ಗೆ ಮಷೀನ್ ತಣ್ಣಗಿರುವಾಗ, ಪಕ್ಕದ ದೊಡ್ಡ ಮಷೀನ್‌ಗಳು ಓಡ್ತಾ ಲೈನ್ ವೋಲ್ಟೇಜ್ ಬೀಳುವಾಗ, ರಾತ್ರಿ ಶಿಫ್ಟ್. ನಡುನಡುವೆ ಪೀಸ್ ಕಿತ್ತು ಡಯಾನೂ ಬರೀತಾ ಹೋಗಿ, ರೀಡಿಂಗ್ ಪಕ್ಕದಲ್ಲಿ ಡಯಾ ಇಲ್ಲದ ಡೇಟಾ ಅರ್ಧ ಡೇಟಾ.

ಲೆಕ್ಕ ಹಾಕೋ ಮೊದಲು ರೀಡಿಂಗ್‌ಗಳನ್ನ ಹೊಡೆದ ಕ್ರಮದಲ್ಲೇ ಗ್ರಾಫ್ ಹಾಕಿ ಕಣ್ಣಲ್ಲಿ ನೋಡಿ. ಗರಗಸದ ಹಲ್ಲಿನ ಥರ ಮೆಲ್ಲಗೆ ಇಳಿದು ಡ್ರೆಸ್ಸಿಂಗ್ ಆದ ತಕ್ಷಣ ಮೇಲೆ ಹಾರ್ತಿದ್ರೆ ಅದು ಟಿಪ್ ಸವೆತ. ಅಂಥ ಡೇಟಾಗೆ ಮೂರು ಸಿಗ್ಮಾ ಫಾರ್ಮುಲಾ ಕುರುಡಾಗಿ ಹಾಕೋ ಹಾಗಿಲ್ಲ, ಯಾಕಂದ್ರೆ ಅಲ್ಲಿರೋದು ಒಂದು ಸರಾಸರಿ ಸುತ್ತ ಅಲ್ಲಾಡೋ ಪ್ರೋಸೆಸ್ ಅಲ್ಲ, ಒಂದು ಕಡೆಗೇ ಜಾರೋ ಪ್ರೋಸೆಸ್. ಎರಡು ಗುಂಪಾಗಿ ಒಡೆದು ಕಾಣಿಸ್ತಿದ್ರೆ ಎರಡು ಮಾಲು, ಇಲ್ಲಾ ಎರಡು ಫಿಕ್ಸ್ಚರ್ (ಪಾರ್ಟ್ ಕೂರಿಸಿ ಹಿಡಿಯೋ ಚೌಕಟ್ಟು) ಬೆರೆತಿರುತ್ತೆ, ಬೇರೆ ಮಾಡಿ.

ನಂಬರ್ ಇಡೋದು

ಮೇಲಿನ ಉದಾಹರಣೆಗೇ ಬರೋಣ. ಕರೆಂಟ್ ಸರಾಸರಿ 9.3, ಸಿಗ್ಮಾ 0.08 ಬಂತು ಅಂದ್ಕೊಳ್ಳಿ. ಮೂರು ಸಿಗ್ಮಾ ಅಂದ್ರೆ 0.24, ಹಾಗಾಗಿ 9.06ರಿಂದ 9.54. ಇದನ್ನ ವಾರ್ನಿಂಗ್ ಲಿಮಿಟ್ ಮಾಡಿ, ಮಷೀನ್ ನಿಲ್ಲೋದು ಬೇಡ, ಹಳದಿ ದೀಪ ಬರಲಿ, ಮೇಲಿಂದ ಮೇಲೆ ಎರಡು ಮೂರು ಸಲ ಬಂದ್ರೆ ಯಾರಾದ್ರೂ ಬಂದು ನೋಡಲಿ. ರಿಜೆಕ್ಟ್ ಲಿಮಿಟ್ ಮಾತ್ರ ಲೋಬ್‌ನಿಂದ ಬರಬೇಕು: ಕೆಳಗೆ 8.0ನಲ್ಲಿ ಡಯಾ 4ರ ಅಂಚಿಗೆ ಬಂದಿತ್ತು, ಮೀಟರ್ ತಪ್ಪು, ಅಳತೆ ತಪ್ಪು, ಶೀಟ್ ವ್ಯತ್ಯಾಸ ಎಲ್ಲಕ್ಕೂ ಜಾಗ ಬಿಟ್ಟು 8.4, ಮೇಲೆ ಸ್ಪ್ಲ್ಯಾಶ್‌ಗಿಂತ ಒಳಗೆ 10.0. ಎರಡು ಕಡೆ ದೂರ ಸಮ ಇರಬೇಕು ಅಂತ ಏನೂ ಇಲ್ಲ, ವೆಲ್ಡ್ ಎರಡು ಕಡೆನೂ ಒಂದೇ ಥರ ಕೆಡಲ್ಲ.

ವಾರ್ನಿಂಗ್ ಗೆರೆ ರಿಜೆಕ್ಟ್ ಗೆರೆ ಒಳಗೆ ಆರಾಮಾಗಿ ಕೂತಿದ್ರೆ ಪ್ರೋಸೆಸ್ ಚೆನ್ನಾಗಿದೆ. ಸಿಗ್ಮಾ 0.35 ಬಂದಿದ್ರೆ? ಮೂರು ಸಿಗ್ಮಾ 1.05, ಅಂದ್ರೆ 8.25ರಿಂದ 10.35, ಎರಡು ಕಡೆನೂ ರಿಜೆಕ್ಟ್ ಗೆರೆ ಹೊರಗೆ. ಆಗ ಲಿಮಿಟ್ ಅಗಲ ಮಾಡೋ ಆಸೆ ಬರುತ್ತೆ, ದಯವಿಟ್ಟು ಮಾಡ್ಬೇಡಿ, ಅಲ್ಲಿ ರಿಪೇರಿ ಬೇಕಿರೋದು ಮಷೀನ್‌ಗೆ. ಲೂಸ್ ಕೇಬಲ್, ಲೈನ್ ವೋಲ್ಟೇಜ್ ಏರಿಳಿತ, ಸವೆದ ಶಂಟ್ (ಟಿಪ್ ಕಡೆಗೆ ಕರೆಂಟ್ ಒಯ್ಯೋ ಬಾಗೋ ತಾಮ್ರದ ಪಟ್ಟಿ), ಹಳೇ ಕಂಟ್ರೋಲರ್ ಆದ್ರೆ ಕಾನ್‌ಸ್ಟಂಟ್ ಕರೆಂಟ್ ಇಲ್ಲದಿರೋದು, ಇವನ್ನ ಹುಡುಕಿ.

ಕರೆಂಟ್ ಒಂದೇ ಸಾಕು ಅಂದ್ಕೊಳ್ಳೋದು ದೊಡ್ಡ ಅಪಾಯ

ಈಗಿನ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಕಾನ್‌ಸ್ಟಂಟ್ ಕರೆಂಟ್ ಮೋಡ್‌ನಲ್ಲಿ ಓಡ್ತವೆ. 9.3 ಕೇಳಿದ್ರೆ ಏನೇ ಆಗ್ಲಿ 9.3 ಕೊಡ್ತವೆ. ಮಾನಿಟರ್ ಅದನ್ನೇ ಅಳೆದು 9.3 ಓಕೆ ಅನ್ನುತ್ತೆ. ಅಷ್ಟರಲ್ಲಿ ಟಿಪ್ ಏನಾಗಿರುತ್ತೆ? 6 ಮಿ.ಮೀ. ಇದ್ದ ಮುಖ ಅಣಬೆ ಥರ ಅರಳಿ 7 ಮಿ.ಮೀ. ಆಗಿರುತ್ತೆ, ಏರಿಯಾ 36 ಪರ್ಸೆಂಟ್ ಜಾಸ್ತಿ, ಅಂದ್ರೆ ಅದೇ ಕರೆಂಟ್ ದೊಡ್ಡ ಜಾಗದಲ್ಲಿ ಹಂಚಿಹೋಗಿ ಕರೆಂಟ್ ಡೆನ್ಸಿಟಿ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದಿರುತ್ತೆ, ನಗೆಟ್ ಚಿಕ್ಕದಾಗಿರುತ್ತೆ, ಇಲ್ಲಾ ನಗೆಟ್ಟೇ ಆಗಿರಲ್ಲ. ಕರೆಂಟ್ ಲಿಮಿಟ್ ಎಷ್ಟೇ ಬಿಗಿ ಇಟ್ಟಿದ್ರೂ ಇದು ಸಿಕ್ಕಿಬೀಳಲ್ಲ. ಕರೆಂಟ್ ಲಿಮಿಟ್ ಹಿಡಿಯೋದು ಕಂಟ್ರೋಲರ್ ಕೈಚೆಲ್ಲಿದ ಕೇಸ್ ಮಾತ್ರ, ಕೇಬಲ್ ಕಿತ್ತೋಗಿದ್ದು, ಲೈನ್ ತೀರಾ ಕುಸಿದಿದ್ದು, ಯಾರೋ ಬೇರೆ ಪ್ರೋಗ್ರಾಂ ನಂಬರ್ ಹಾಕಿದ್ದು. ಅದೂ ಬೇಕು, ಆದ್ರೆ ಅಷ್ಟೇ ಸಾಲದು.

ಹಾಗಾಗಿ ಟಿಪ್‌ಗಳ ನಡುವಿನ ವೋಲ್ಟೇಜ್ ಅಳೆಸಿ, ಇಲ್ಲಾ ವೋಲ್ಟೇಜ್‌ನ ಕರೆಂಟ್‌ನಿಂದ ಭಾಗಿಸಿ ಬರೋ ರೆಸಿಸ್ಟನ್ಸ್. ಮಷೀನ್ ಕರೆಂಟ್‌ನ ಹಿಡಿದಿದೆ, ವೋಲ್ಟೇಜ್‌ನ ಬಿಟ್ಟಿದೆ, ಶೀಟ್ ಮಧ್ಯೆ ನಡೆಯೋ ಸತ್ಯ ಅಲ್ಲಿ ಕಾಣುತ್ತೆ. ಟಿಪ್ ಅರಳಿದ್ರೆ ವೋಲ್ಟೇಜ್ ಇಳಿಯುತ್ತೆ. ಶೀಟ್ ಕೊಳೆ, ತುಕ್ಕು ಇದ್ರೆ ಶುರುವಿನಲ್ಲಿ ಏರುತ್ತೆ. ಒಂದು ಶೀಟ್ ಇಡೋಕೇ ಮರೆತಿದ್ರೆ ತುಂಬಾನೇ ಇಳಿಯುತ್ತೆ. ಮೈಲ್ಡ್ ಸ್ಟೀಲ್‌ನ ಒಳ್ಳೇ ವೆಲ್ಡ್‌ನಲ್ಲಿ ರೆಸಿಸ್ಟನ್ಸ್ ಕರ್ವ್‌ಗೆ ಒಂದು ರೂಪ ಇದೆ: ಮೊದಲು ಕಾಂಟ್ಯಾಕ್ಟ್ ರೆಸಿಸ್ಟನ್ಸ್ ಇಂದಾಗಿ ಎತ್ತರ, ಒತ್ತಡಕ್ಕೆ ಮೇಲ್ಮೈ ಕೂತ್ಕೊಂಡ ತಕ್ಷಣ ಇಳಿತ, ಆಮೇಲೆ ಸ್ಟೀಲ್ ಬಿಸಿಯಾದಂತೆ ಏರಿಕೆ, ಒಂದು ಶಿಖರ, ನಗೆಟ್ ಕರಗಿ ಬೆಳೆದು ಟಿಪ್ ಒಳಗೆ ಒತ್ತಿದಂತೆ ಮತ್ತೆ ಇಳಿತ. ಸ್ಪ್ಲ್ಯಾಶ್ ಆದ್ರೆ ಕರ್ವ್ ಥಟ್ ಅಂತ ಬೀಳುತ್ತೆ. ನಿಮ್ಮ ಮಾನಿಟರ್ ಕರ್ವ್ ತೋರಿಸುತ್ತೆ ಅಂದ್ರೆ ಒಳ್ಳೇ ವೆಲ್ಡ್ ಕರ್ವ್ ಕೆಲವನ್ನ ಒಂದರ ಮೇಲೊಂದು ಹಾಕಿ ನೋಡಿ, ಒಂದು ನಂಬರ್‌ಗಿಂತ ಎಷ್ಟೋ ಜಾಸ್ತಿ ಅರ್ಥ ಆಗುತ್ತೆ.

ವೋಲ್ಟೇಜ್‌ಗೆ ಲಿಮಿಟ್ ಹಾಕೋ ವಿಧಾನ ಬೇರೆ, ಯಾಕಂದ್ರೆ ಅದು ಜಾರೋ ರೀಡಿಂಗ್. ಹೊಸ ಟಿಪ್‌ನಲ್ಲಿ 1.15 ವೋಲ್ಟ್ ಇದೆ, ಟಿಪ್ ಸವೆಸ್ತಾ ಹೋಗ್ತೀರ, ನಡುನಡುವೆ ಕಿತ್ತು ನೋಡ್ತೀರ, 1.05ಕ್ಕೆ ಬಂದಾಗ ಡಯಾ 4.4, 1.00ಗೆ ಬಂದಾಗ 3.9 ಅಂತ ಬಂತು ಅಂದ್ಕೊಳ್ಳಿ. ಲೋ ರಿಜೆಕ್ಟ್ 1.04, ಲೋ ವಾರ್ನಿಂಗ್ 1.07, ವಾರ್ನಿಂಗ್ ಬಂದ್ರೆ ಟಿಪ್ ಡ್ರೆಸ್ ಮಾಡು ಅಂತ ಅರ್ಥ. ಇಲ್ಲಿ ಸಿಗ್ಮಾ ಬೇಕಾಗೋದು ಒಂದು ಸಣ್ಣ ಕೆಲಸಕ್ಕೆ ಮಾತ್ರ, ಅಕ್ಕಪಕ್ಕದ ಪೀಸ್‌ಗಳ ಮಧ್ಯೆ ಎಷ್ಟು ಕುಣಿತ ಇದೆ ಅಂತ ನೋಡಿ ವಾರ್ನಿಂಗ್ ಗೆರೆ ರಿಜೆಕ್ಟ್‌ಗೆ ತೀರಾ ಹತ್ತಿರ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಈ ನಂಬರ್‌ಗಳು ಉದಾಹರಣೆಗೆ ಅಷ್ಟೇ, ವೋಲ್ಟೇಜ್ ವೈರ್ ಎಲ್ಲಿ ಕಟ್ಟಿದ್ದೀರ ಅನ್ನೋದರ ಮೇಲೇ ರೀಡಿಂಗ್ ಬದಲಾಗುತ್ತೆ, ನಿಮ್ಮ ಮಷೀನ್‌ನಲ್ಲಿ ನೀವೇ ಕಂಡುಹಿಡೀಬೇಕು.

ಟಿಪ್ ಸವೆದಂತೆ ಕರೆಂಟ್‌ನ ತಾನೇ ಏರಿಸೋ ಸ್ಟೆಪ್ಪರ್ ಇದ್ರೆ ಲಿಮಿಟ್ ಕೂಡ ಅದರ ಜೊತೆ ಏರಬೇಕು. 9.3ಕ್ಕೆ ಹಾಕಿದ ಮೇಲಿನ ವಾರ್ನಿಂಗ್ 9.54, ಸ್ಟೆಪ್ಪರ್ 9.7ಕ್ಕೆ ಹೋದ್ರೆ ಪ್ರತಿ ವೆಲ್ಡ್‌ಗೂ ಹಳದಿ ದೀಪ. ಮಾನಿಟರ್‌ನಲ್ಲಿ ಸೆಟ್ ಪಾಯಿಂಟ್‌ಗೆ ಹೋಲಿಸಿ ಲಿಮಿಟ್ ಇಡೋ ಆಯ್ಕೆ ಇದ್ರೆ ಅದನ್ನೇ ಬಳಸಿ. ಫೋರ್ಸ್‌ಗೆ ಲಿಮಿಟ್ ಇಡೋ ಸೌಲಭ್ಯ ಇದ್ರೆ ಖಂಡಿತ ಇಡಿ, ಕೆಳಗಡೆ ಬಿಗಿಯಾಗಿ, ಫೋರ್ಸ್ ಕಮ್ಮಿ ಆಗೋದೇ ಸ್ಪ್ಲ್ಯಾಶ್‌ಗೆ ದೊಡ್ಡ ಕಾರಣ. ಟೈಮ್ ಮೇಲೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಟೈಮರ್ ತಪ್ಪೋದು ಅಪರೂಪ, ಅರ್ಧ ಸೈಕಲ್ ಆಚೀಚೆ ಇಟ್ರೆ ಸಾಕು.

ಲಿಮಿಟ್‌ಗೆ ಪರೀಕ್ಷೆ

ಹಾಕಿದ ಲಿಮಿಟ್ ಕೆಲಸ ಮಾಡುತ್ತೆ ಅಂತ ನಂಬೋಕೆ ಒಂದೇ ದಾರಿ, ಬೇಕಂತಲೇ ಕೆಟ್ಟ ವೆಲ್ಡ್ ಮಾಡಿ ಅದು ಹಿಡಿಯುತ್ತಾ ನೋಡೋದು. ಒಂದು ಶೀಟ್ ಬಿಟ್ಟು ಹೊಡೀರಿ. ತಪ್ಪು ಥಿಕ್‌ನೆಸ್ ಶೀಟ್ ಹಾಕಿ ಹೊಡೀರಿ. ಅಂಚಿಗೆ ತಾಗೋ ಹಾಗೆ ಹೊಡೀರಿ. ಶೀಟ್ ಮಧ್ಯೆ ಗ್ಯಾಪ್ ಬರೋ ಹಾಗೆ ಬಗ್ಗಿದ ಪೀಸ್ ಹಾಕಿ. ತುಕ್ಕು ಹಿಡಿದ ಪೀಸ್, ತೀರಾ ಸವೆದ ಟಿಪ್, ಏರ್ ಪ್ರೆಶರ್ ಇಳಿಸಿ, ಆಮೇಲೆ ಪಕ್ಕದಲ್ಲೇ ಒತ್ತೊತ್ತಾಗಿ ಸ್ಪಾಟ್. ಪ್ರತಿಯೊಂದಕ್ಕೂ ಮೂರು ವಿಷಯ ಬರೀರಿ, ಮಾನಿಟರ್ ಏನಂತು, ಕಿತ್ತಾಗ ಏನು ಬಂತು, ಯಾವ ರೀಡಿಂಗ್ ಹಿಡೀತು. ಕಿತ್ತಾಗ ಕೆಟ್ಟದ್ದು, ಮಾನಿಟರ್ ಓಕೆ ಅಂದಿದ್ದು ಯಾವುದಾದ್ರೂ ಇದ್ರೆ ಆ ದೋಷಕ್ಕೆ ನಿಮ್ಮ ಹತ್ತಿರ ಲಿಮಿಟ್ ಇಲ್ಲ ಅಂತ ಅರ್ಥ, ಲಿಮಿಟ್ ಬಿಗಿ ಮಾಡಿ ಇಲ್ಲಾ ಬೇರೆ ರೀಡಿಂಗ್ ಸೇರಿಸಿ, ಅದೂ ಆಗದಿದ್ರೆ ಆ ದೋಷನ ಫಿಕ್ಸ್ಚರ್‌ನಲ್ಲಿ ಸೆನ್ಸರ್ ಹಾಕಿ ತಡೀರಿ. ಶಂಟಿಂಗ್ ಮತ್ತೆ ಅಂಚಿನ ವೆಲ್ಡ್ ಎರಡನ್ನೂ ಮಾನಿಟರ್ ಒಂದರಿಂದಲೇ ಹಿಡಿಯೋದು ಕಷ್ಟ, ಅಲ್ಲಿ ಫಿಕ್ಸ್ಚರ್ ಮೇಲೆ ಖರ್ಚು ಮಾಡೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಈ ಕೆಟ್ಟ ಪೀಸ್‌ಗಳಿಗೆ ಕೆಂಪು ಪೇಂಟ್ ಹಚ್ಚಿ ಅಲ್ಲೇ ಮುರಿದು ಹಾಕಿ, ಟ್ರೇಯಲ್ಲಿ ಬಿಟ್ಟು ಹೋದ್ರೆ ಲೈನ್‌ಗೆ ಸೇರಿಬಿಡುತ್ತೆ.

ಬೇರೆ ವೆಲ್ಡಿಂಗ್ ಆದ್ರೆ

ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಲ್ಲಿ (ಅತಿ ವೇಗದ ಕಂಪನದಿಂದ ಬೆಸೆಯೋದು) ಶುರುವಿನಲ್ಲಿ ಹೇಳಿದ ಎರಡನೇ ಮಾತು, ಮಷೀನ್ ಹಿಡಿದಿಟ್ಟ ರೀಡಿಂಗ್ ಮೇಲೆ ಲಿಮಿಟ್ ಹಾಕಿ ಪ್ರಯೋಜನ ಇಲ್ಲ ಅನ್ನೋದು, ಇನ್ನೂ ಸ್ಪಷ್ಟವಾಗಿ ಕಾಣುತ್ತೆ. ಎನರ್ಜಿ ಮೋಡ್‌ನಲ್ಲಿ ಓಡಿಸ್ತಿದ್ರೆ ಕೇಳಿದ ಜೂಲ್ ತುಂಬೋವರೆಗೂ ಮಷೀನ್ ನಿಲ್ಲಲ್ಲ, ಹಾಗಾಗಿ ಎನರ್ಜಿ ಮೇಲಿನ ಲಿಮಿಟ್ ಏನೂ ಹೇಳಲ್ಲ. ಟೈಮ್, ಪೀಕ್ ಪವರ್, ವೆಲ್ಡ್ ಆದ ಮೇಲಿನ ಹೈಟ್ ಇವುಗಳ ಮೇಲೆ ಲಿಮಿಟ್ ಹಾಕಿ. ಟೈಮ್ ಮೋಡ್‌ನಲ್ಲಿದ್ರೆ ಎನರ್ಜಿ ಮತ್ತೆ ಪವರ್ ಮೇಲೆ. ವೈರ್ ಸ್ಪ್ಲೈಸ್ ಮಾಡ್ತಿದ್ರೆ, ಅಂದ್ರೆ ವೈರ್‌ಗಳನ್ನ ಒಟ್ಟಿಗೆ ಬೆಸೀತಿದ್ರೆ, ವೆಲ್ಡ್‌ಗೆ ಮುಂಚಿನ ಹೈಟ್ ಬಲು ಉಪಯೋಗಿ, ಒಂದು ವೈರ್ ಕಮ್ಮಿ ಇಟ್ಟಿದ್ರೆ, ಎಳೆ ಹೊರಗೆ ಬಿದ್ದಿದ್ರೆ ವೆಲ್ಡ್ ಶುರು ಆಗೋ ಮೊದಲೇ ಗೊತ್ತಾಗುತ್ತೆ, ಮಾಲು ಹಾಳಾಗಲ್ಲ.

ಮಿಗ್ ವೆಲ್ಡಿಂಗ್‌ನಲ್ಲಿ (ಗ್ಯಾಸ್ ರಕ್ಷಣೆಯಲ್ಲಿ ವೈರ್ ಕರಗಿಸಿ ಬೆಸೆಯೋ ಆರ್ಕ್ ವೆಲ್ಡಿಂಗ್) ಸಾಮಾನ್ಯವಾಗಿ ವೋಲ್ಟೇಜ್ ಮತ್ತೆ ವೈರ್ ಫೀಡ್ ಸ್ಪೀಡ್‌ನ ಮಷೀನ್ ಹಿಡಿದಿರುತ್ತೆ, ಕರೆಂಟ್ ಬಿಟ್ಟಿರುತ್ತೆ. ಟಾರ್ಚ್ ದೂರ ಆಗಿ ಸ್ಟಿಕ್ ಔಟ್ (ಟಾರ್ಚ್ ತುದಿಯಿಂದ ಹೊರಗೆ ಚಾಚಿರೋ ವೈರ್) ಉದ್ದ ಆದ್ರೆ ಕರೆಂಟ್ ಇಳಿಯುತ್ತೆ, ಹಾಗಾಗಿ ಪಾರ್ಟ್ ಫಿಕ್ಸ್ಚರ್‌ನಲ್ಲಿ ಸರಿಯಾಗಿ ಕೂತಿಲ್ಲ ಅನ್ನೋದನ್ನ ಕರೆಂಟ್ ಲಿಮಿಟ್ ಹೇಳುತ್ತೆ. ಗ್ಯಾಸ್ ಫ್ಲೋಗೆ ಬೇರೆ ಲಿಮಿಟ್ ಬೇಕು, ಗ್ಯಾಸ್ ಹೋದ್ರೆ ಪೊರಾಸಿಟಿ (ವೆಲ್ಡ್ ಒಳಗೆ ಸಣ್ಣ ತೂತುಗಳು) ಬರುತ್ತೆ, ಆಂಪ್ ಮತ್ತೆ ವೋಲ್ಟ್ ರೀಡಿಂಗ್‌ನಲ್ಲಿ ಅದು ಯಾವಾಗ್ಲೂ ಕಾಣ್ಬೇಕು ಅಂತಿಲ್ಲ. ಇಲ್ಲಿ ಎಷ್ಟು ದಾಟಿತು ಅನ್ನೋದರ ಜೊತೆ ಎಷ್ಟು ಹೊತ್ತು ದಾಟಿತ್ತು ಅನ್ನೋದನ್ನೂ ಸೆಟ್ ಮಾಡ್ಬೇಕು, ಆರ್ಕ್ ಶುರುವಿನ ಕುಣಿತ ಲೆಕ್ಕಕ್ಕೆ ಬರದ ಹಾಗೆ ಶುರುವಿನ ಭಾಗ ಬಿಟ್ಟು ಮೂವಿಂಗ್ ಆವರೇಜ್ ಮೇಲೆ ಲಿಮಿಟ್ ಹಾಕಿ, ಇಲ್ಲದಿದ್ರೆ ವೈರ್ ತುದಿ ಮತ್ತೆ ಮತ್ತೆ ತಾಗಿ ಹನಿ ಇಳಿಯೋ ಶಾರ್ಟ್ ಸರ್ಕ್ಯೂಟ್ ಟ್ರಾನ್ಸ್‌ಫರ್‌ನಲ್ಲಿ ಪ್ರತಿ ಹನಿಗೂ ಅಲಾರಂ ಹೊಡೆಯುತ್ತೆ.

ಲಿಮಿಟ್ ಹಾಕಿದ ಮೇಲೆ

ಅಲಾರಂ ಬಂದಾಗ ಆಪರೇಟರ್ ಏನು ಮಾಡ್ಬೇಕು ಅಂತ ಮಷೀನ್ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ವೋಲ್ಟೇಜ್ ಲೋ ಅಂದ್ರೆ ಟಿಪ್ ನೋಡು, ಡ್ರೆಸ್ ಮಾಡು, ಶೀಟ್ ಎರಡೂ ಇದೆಯಾ ನೋಡು. ಕರೆಂಟ್ ಲೋ ಅಂದ್ರೆ ಕೇಬಲ್, ಕನೆಕ್ಷನ್, ಪ್ರೋಗ್ರಾಂ ನಂಬರ್. ಫೋರ್ಸ್ ಲೋ ಅಂದ್ರೆ ಏರ್ ಲೈನ್, ಸಿಲಿಂಡರ್. ರಿಜೆಕ್ಟ್ ಬಂದ್ರೆ ಆ ಪೀಸ್ ಒಂದನ್ನೇ ಎತ್ತಿಟ್ರೆ ಸಾಲಲ್ಲ, ಕಳೆದ ಸಲ ಕಿತ್ತು ನೋಡಿ ಓಕೆ ಆದ ಪೀಸ್‌ನಿಂದ ಈಚೆಗೆ ಬಂದಿದ್ದೆಲ್ಲ ಅನುಮಾನದ ಮಾಲು. ಪೀಲ್ ಟೆಸ್ಟ್ ಎಷ್ಟು ಪೀಸ್‌ಗೊಂದು ಮಾಡ್ಬೇಕು ಅನ್ನೋದನ್ನೂ ಇದೇ ನಿರ್ಧರಿಸುತ್ತೆ, ತಪ್ಪು ಸಿಕ್ಕಾಗ ನೀವು ಎಷ್ಟು ಮಾಲು ವಾಪಸ್ ನೋಡೋಕೆ ಸಾಧ್ಯ ಅಂತ ಕೇಳ್ಕೊಳ್ಳಿ, ಉತ್ತರ ಅಲ್ಲೇ ಇದೆ. ಮಾನಿಟರ್ ಇದೆ ಅಂತ ಪೀಲ್ ಟೆಸ್ಟ್ ನಿಲ್ಲಿಸೋದಂತೂ ಬೇಡ.

ಲಿಮಿಟ್ ಬದಲಾಯಿಸೋ ಪಾಸ್‌ವರ್ಡ್ ಒಬ್ಬಿಬ್ಬರ ಹತ್ತಿರ ಮಾತ್ರ ಇರಲಿ, ಬದಲಾಯಿಸಿದಾಗೆಲ್ಲ ಹಳೇ ನಂಬರ್, ಹೊಸ ನಂಬರ್, ಕಾರಣ, ಆವತ್ತು ಕಿತ್ತು ನೋಡಿದ ಡಯಾ, ನಾಲ್ಕೂ ರಿಜಿಸ್ಟರ್‌ನಲ್ಲಿ ಇರಲಿ. ಡಯಾ ಕಾಲಂ ಖಾಲಿ ಇರೋ ಎಂಟ್ರಿ ಕಂಡ್ರೆ ಆ ಲಿಮಿಟ್‌ನ ವಾಪಸ್ ಹಳೇ ನಂಬರ್‌ಗೆ ತನ್ನಿ. ಶೀಟ್ ಸಪ್ಲೈಯರ್ ಬದಲಾದ್ರೆ, ಕೋಟಿಂಗ್ ಬದಲಾದ್ರೆ, ಟಿಪ್ ಮಾಡೆಲ್ ಬದಲಾದ್ರೆ, ಟ್ರಾನ್ಸ್‌ಫಾರ್ಮರ್ ಇಲ್ಲಾ ಗನ್ ಆರ್ಮ್ ರಿಪೇರಿ ಆದ್ರೆ, ಮೀಟರ್ ಕ್ಯಾಲಿಬ್ರೇಶನ್‌ನಲ್ಲಿ ತಿದ್ದುಪಡಿ ಬಂದ್ರೆ ಲೋಬ್ ಮತ್ತೆ ಮಾಡ್ಬೇಕು, ಪೂರ್ತಿ ಬೇಡ ಅನ್ನಿಸಿದ್ರೂ ಕೆಳ ಅಂಚು, ಸೆಟ್ ಪಾಯಿಂಟ್, ಮೇಲಂಚು ಈ ಮೂರು ಕಡೆ ಹೊಡೆದು ಕಿತ್ತು ನೋಡಿ, ಹಿಂದೆ ಬರೆದಿಟ್ಟ ಡಯಾಗೆ ತಾಳೆ ಆಗ್ತಿದ್ರೆ ಅದೇ ಲಿಮಿಟ್‌ನಲ್ಲಿ ಓಡಿಸಬಹುದು, ಆಗ್ತಿಲ್ಲ ಅಂದ್ರೆ ಮೊದಲಿಂದ.